ಎಪಾಕ್ಸಿಗೆ ಗ್ರಾಫೈಟ್ ಹೆಚ್ಚಿಸಿದಷ್ಟೂ ಟೆನ್ಸೈಲ್ ಸ್ಟ್ರೆಂತ್ ಇಳಿಯುತ್ತಿದೆ, ಎಲ್ಲಿ ಸರಿಪಡಿಸಬೇಕು?

ಅಚ್ಚಿನಮನೆ

ಎಲ್ಲರಿಗೂ ನಮಸ್ಕಾರ. ಕನ್ವೇಯರ್ ಚೈನಿನ ಕೆಳಗೆ ಕೂರಿಸುವ ಸ್ಲೈಡ್ ಪ್ಯಾಡ್‌ಗಳಿಗೆ ಎಪಾಕ್ಸಿ-ಗ್ರಾಫೈಟ್ ಮಿಶ್ರಣ ತಯಾರಿಸುತ್ತಿದ್ದೇವೆ. ಪ್ಯಾಡಿನ ಅಳತೆ 150 × 40 ಮಿ.ಮೀ., ದಪ್ಪ 8 ಮಿ.ಮೀ. ಅಲ್ಯೂಮಿನಿಯಂ ಚಾನೆಲ್‌ಗೆ ಎರಡು ಬೋಲ್ಟ್ ಹಾಕಿ ಬಿಗಿಯುತ್ತೇವೆ. ಚೈನ್ ಸಲೀಸಾಗಿ ಜಾರಬೇಕು, ಬೋಲ್ಟ್ ತೂತಿನ ಹತ್ತಿರ ಪ್ಯಾಡ್ ಸೀಳಬಾರದು.

ಎಪಾಕ್ಸಿಯ ರೆಸಿನ್ ಎಲ್‌ವೈ 556, ಅದನ್ನು ಗಟ್ಟಿ ಮಾಡುವ ಹಾರ್ಡ್‌ನರ್ ಎಚ್‌ವೈ 951, ತೂಕದಲ್ಲಿ 100ಕ್ಕೆ 10. ಗ್ರಾಫೈಟ್ 200 ಮೆಶ್ ನ್ಯಾಚುರಲ್ ಫ್ಲೇಕ್ (ಚಪ್ಪಟೆ ಕಣಗಳ ಪುಡಿ), ಕಾರ್ಬನ್ 95%. ಡ್ರಿಲ್‌ಗೆ ಪ್ಯಾಡಲ್ ಸಿಕ್ಕಿಸಿ ಪುಡಿಯನ್ನು ರೆಸಿನ್‌ನಲ್ಲಿ ಕಲಸಿ, ಆಮೇಲೆ ಹಾರ್ಡ್‌ನರ್ ಸೇರಿಸಿ ತೆರೆದ ಅಚ್ಚಿಗೆ ಸುರಿದು, ಮರುದಿನ ಬಿಡಿಸುತ್ತೇವೆ. ಓವನ್‌ನಲ್ಲಿ ಇಡುತ್ತಿಲ್ಲ.

ಟೆನ್ಸೈಲ್ ಸ್ಟ್ರೆಂತ್ (ಎಳೆದಾಗ ಮುರಿಯದೆ ತಡೆಯುವ ಬಲ) ಬರೀ ರೆಸಿನ್‌ಗೆ 60 ಮೆಗಾಪ್ಯಾಸ್ಕಲ್ ಆಸುಪಾಸು ಬರುತ್ತದೆ. 5% ಗ್ರಾಫೈಟ್ ಹಾಕಿದರೆ 40ಕ್ಕಿಂತ ಕೆಳಗೆ ಹೋಗುತ್ತದೆ. ಮಾಡ್ಯುಲಸ್ (ಹಿಗ್ಗದೆ ಬಿಗಿಯಾಗಿರುವ ಗುಣ) ಮಾತ್ರ ಏರುತ್ತಿದೆ. ತುಂಡಿನ ಅಡಿಭಾಗ ಕಡುಕಪ್ಪು, ಮೇಲ್ಭಾಗ ಬೂದಿ ಬಣ್ಣ. ಸೂಜಿಮೊನೆಯಷ್ಟು ತೂತುಗಳೂ ಇವೆ. 10% ಹಾಕಿದಾಗ ಮೇಲೆ ಎಣ್ಣೆ ಸವರಿದಂಥ ಪದರ ಬರುತ್ತಿದೆ. ನ್ಯಾನೊ ಗ್ರಾಫೈಟ್ ತರಿಸಬೇಕೇ? ಪುಡಿಯನ್ನು ರೆಸಿನ್‌ಗೆ ಬೆಸೆಯುವ ಸಿಲೇನ್ ರಾಸಾಯನಿಕ ಹಾಕಬೇಕೇ? ಅಸಿಟೋನ್‌ನಲ್ಲಿ ತೆಳು ಮಾಡಿ ಕಲಸಿದರೆ ಆಗುತ್ತದೆಯೇ?

ಕಪ್ಪುಪುಡಿ

ಮಾಡ್ಯುಲಸ್ ಏರಿ ಸ್ಟ್ರೆಂತ್ ಇಳಿದಿರುವುದು ವಿಚಿತ್ರವಲ್ಲ. ಮಾಡ್ಯುಲಸ್ ಇಡೀ ತುಂಡಿನ ಸರಾಸರಿ. ಸ್ಟ್ರೆಂತ್ ಆ ತುಂಡಿನಲ್ಲಿರುವ ಅತಿ ಕೆಟ್ಟ ಜಾಗದ ಮೇಲೆ ನಿಂತಿದೆ.

ಲೆಕ್ಕ ಹಾಕಿ ನೋಡಿ. ಬರೀ ಎಪಾಕ್ಸಿಯ ಫ್ರಾಕ್ಚರ್ ಟಫ್‌ನೆಸ್ (ಬಿರುಕು ಹರಡದಂತೆ ತಡೆಯುವ ಗುಣ) ಸುಮಾರು 0.6 ಮೆಗಾಪ್ಯಾಸ್ಕಲ್ ರೂಟ್ ಮೀಟರ್. ಅಂಥ ವಸ್ತು 60 ಮೆಗಾಪ್ಯಾಸ್ಕಲ್‌ನಲ್ಲಿ ಮುರಿಯಲು ಅಂಚಿನಲ್ಲಿ 25 ಮೈಕ್ರಾನಿನಷ್ಟು ಬಿರುಕಿದ್ದರೆ ಸಾಕು. 200 ಮೆಶ್ ಪುಡಿಯಲ್ಲಿ 75 ಮೈಕ್ರಾನ್ ವರೆಗಿನ ಫ್ಲೇಕ್ ಇರುತ್ತದೆ. ಬಿರುಕಿನ ಉದ್ದ ಮೂರು ಪಟ್ಟಾದರೆ ಸ್ಟ್ರೆಂತ್ ಮೂರರ ವರ್ಗಮೂಲದಷ್ಟು ಇಳಿಯುತ್ತದೆ: 60ನ್ನು 1.73ರಿಂದ ಭಾಗಿಸಿದರೆ ಸುಮಾರು 35. ಗ್ರಾಫೈಟ್ ಸೇರಿದಾಗ ಟಫ್‌ನೆಸ್ ಸ್ವಲ್ಪ ಏರುವುದರಿಂದ ಇಳಿಕೆ ಇಷ್ಟು ಪೂರ್ತಿ ಕಾಣುವುದಿಲ್ಲ. ಆದರೂ ನಿಮಗೆ ಸಿಕ್ಕ ಅಂಕಿಗೂ ಇದಕ್ಕೂ ಎಷ್ಟು ಹತ್ತಿರವಿದೆ ನೋಡಿ.

ಫ್ಲೇಕನ್ನು ಬಿರುಕು ಎಂದು ಹಿಡಿಯಲು ಕಾರಣವಿದೆ. ಗ್ರಾಫೈಟ್ ಪದರಗಳ ನಡುವಿನ ಅಂತರ 0.335 ನ್ಯಾನೊಮೀಟರ್, ಅವುಗಳನ್ನು ಹಿಡಿದಿರುವುದು ದುರ್ಬಲವಾದ ವ್ಯಾನ್ ಡರ್ ವಾಲ್ಸ್ ಸೆಳೆತ ಮಾತ್ರ. ಚೈನ್ ಜಾರುವುದು ಯಾವ ಗುಣದಿಂದಲೋ ಅದೇ ಗುಣದಿಂದ ಎಳೆದಾಗ ಫ್ಲೇಕ್ ಒಳಗೇ ಬಿಚ್ಚಿಕೊಳ್ಳುತ್ತದೆ. ಎಪಾಕ್ಸಿ ಫ್ಲೇಕಿನ ಹೊರಮೈಗೆ ಎಷ್ಟೇ ಚೆನ್ನಾಗಿ ಅಂಟಿದ್ದರೂ ಒಳಗಿನ ಈ ಬಿಚ್ಚುವಿಕೆಯನ್ನು ತಡೆಯಲಾಗದು. ಹಾಗಾಗಿ ಈ ಪುಡಿಗೆ ಸಿಲೇನ್ ಹಾಕುವ ಯೋಚನೆ ಬಿಡಿ. ಸಿಲೇನ್ ಹಿಡಿದುಕೊಳ್ಳುವುದು ಹೈಡ್ರಾಕ್ಸಿಲ್ ಗುಂಪುಗಳನ್ನು. ಗ್ರಾಫೈಟ್‌ನಲ್ಲಿ ಅವು ಅಂಚುಗಳಲ್ಲಿ ಅಲ್ಪಸ್ವಲ್ಪ ಇವೆ, ಅಗಲವಾದ ಮೈಮೇಲೆ ಬಹುತೇಕ ಇಲ್ಲ. ಮೊದಲು ಆಮ್ಲದಲ್ಲೋ ಓಝೋನ್‌ನಲ್ಲೋ ಮೈಯನ್ನು ಆಕ್ಸಿಡೈಸ್ ಮಾಡದೆ ಸಿಲೇನ್ ಹಾಕಿದರೆ ದುಡ್ಡು ದಂಡ.

ಇನ್ನು ಅಡಿಭಾಗ ಕಡುಕಪ್ಪಾಗುವುದು. ಗ್ರಾಫೈಟಿನ ಸಾಂದ್ರತೆ 2.26, ಗಟ್ಟಿಯಾದ ಎಪಾಕ್ಸಿಯದು 1.16ರ ಹತ್ತಿರ. ದ್ರವದ ಸ್ನಿಗ್ಧತೆ 1 ಪ್ಯಾಸ್ಕಲ್-ಸೆಕೆಂಡ್ ಎಂದಿಟ್ಟುಕೊಂಡರೆ 75 ಮೈಕ್ರಾನಿನ ಗೋಳ ಒಂದು ಗಂಟೆಯಲ್ಲಿ 12 ಮಿ.ಮೀ. ಇಳಿಯುತ್ತದೆ. ನಿಮ್ಮ ಅಚ್ಚಿನ ಆಳವೇ 8 ಮಿ.ಮೀ. ಫ್ಲೇಕ್ ಚಪ್ಪಟೆಯಾದ್ದರಿಂದ ಇನ್ನೂ ನಿಧಾನ ಇಳಿಯುತ್ತದೆ ನಿಜ, ಆದರೂ ಜೆಲ್ ಆಗುವಷ್ಟರಲ್ಲಿ ಬೇಕಾದಷ್ಟು ಕೆಳಗೆ ಸೇರಿರುತ್ತದೆ. 10 ಮೈಕ್ರಾನಿನ ಪುಡಿ ಅದೇ ಗಂಟೆಯಲ್ಲಿ 0.2 ಮಿ.ಮೀ. ಮಾತ್ರ ಇಳಿಯುತ್ತದೆ, ಏಕೆಂದರೆ ವೇಗ ಗಾತ್ರದ ವರ್ಗಕ್ಕೆ ತಕ್ಕಂತೆ ಬದಲಾಗುತ್ತದೆ. ಪುಡಿಯ ಗಾತ್ರ ಬದಲಿಸಿದರೆ ನಿಮ್ಮ ಎರಡು ತೊಂದರೆ ಒಟ್ಟಿಗೆ ಕಡಿಮೆಯಾಗುತ್ತವೆ. 10ರಿಂದ 15 ಮೈಕ್ರಾನ್, 99% ಕಾರ್ಬನ್ ಇರುವುದನ್ನು ಕೇಳಿ. ಶೇಕಡಾ 95 ಅಂದರೆ ಉಳಿದ 5ರಲ್ಲಿ ಸಿಲಿಕಾ, ಮಣ್ಣು ಇರುತ್ತವೆ. ಆ ಗಟ್ಟಿ ಕಣಗಳು ಚೈನನ್ನು ಉಜ್ಜಿ ಹಾಳು ಮಾಡುತ್ತವೆ. ಜಾರುವ ಪ್ಯಾಡ್‌ಗೆ ಇದು ಸ್ಟ್ರೆಂತ್‌ಗಿಂತ ದೊಡ್ಡ ವಿಷಯ.

ರಾಳ_ನಾರು

ಮೇಲಿನವರ ಮಾತಿಗೆ ಸಹಮತವಿದೆ. ಆದರೆ ಸಣ್ಣ ಪುಡಿ ತಂದು ಇದೇ ಡ್ರಿಲ್ಲಿನಲ್ಲಿ ಕಲಸಿದರೆ ಪ್ರಯೋಜನವಿಲ್ಲ. ಪುಡಿ ಸಣ್ಣದಾದಷ್ಟೂ ಗಂಟು ಕಟ್ಟುತ್ತದೆ. ಸರಿಯಾಗಿ ತಿರುವದ ರಾಗಿ ಗಂಜಿಯ ಗಂಟಿನಂತೆ ಹೊರಗೆ ಒದ್ದೆ, ಒಳಗೆ ಒಣ ಪುಡಿ ಮತ್ತು ಗಾಳಿ. 10 ಮೈಕ್ರಾನ್ ಪುಡಿಯ 100 ಮೈಕ್ರಾನ್ ಗಂಟಿದ್ದರೆ ನೀವು ಮತ್ತೆ ಮೊದಲಿನ ಜಾಗಕ್ಕೇ ಬಂದಿರಿ.

ಮೊದಲು ತೂಕ ಸರಿಮಾಡಿಕೊಳ್ಳಿ. 3% ಬೇಕೆಂದು 100 ಗ್ರಾಂ ರೆಸಿನ್‌ಗೆ 3 ಗ್ರಾಂ ಹಾಕುವವರೇ ಹೆಚ್ಚು. ಹಾರ್ಡ್‌ನರ್ ಸೇರಿದ ಮೇಲೆ ಅದು 113ಕ್ಕೆ 3, ಅಂದರೆ 2.65%. ಸರಿಯಾದ ಲೆಕ್ಕ 110 × 0.03 ÷ 0.97, ಅಂದರೆ 3.4 ಗ್ರಾಂ. 15% ಬೇಕಿದ್ದರೆ 19.4 ಗ್ರಾಂ.

ಪುಡಿಯನ್ನು ಟ್ರೇಯಲ್ಲಿ ತೆಳ್ಳಗೆ ಹರಡಿ 110 ಡಿಗ್ರಿಯಲ್ಲಿ 4 ಗಂಟೆ ಒಣಗಿಸಿ, ಮುಚ್ಚಳವಿರುವ ಡಬ್ಬದಲ್ಲಿ ಆರಿಸಿ. ಎಲ್‌ವೈ 556 ಮಾಮೂಲಿ 25 ಡಿಗ್ರಿಯಲ್ಲಿ 10ರಿಂದ 12 ಪ್ಯಾಸ್ಕಲ್-ಸೆಕೆಂಡ್ ಗಟ್ಟಿ ಇರುತ್ತದೆ. 60 ಡಿಗ್ರಿಗೆ ಕಾಯಿಸಿದರೆ ಹತ್ತು ಪಟ್ಟಿಗಿಂತ ಹೆಚ್ಚು ತೆಳುವಾಗುತ್ತದೆ. ಪುಡಿಯೊಳಗೆ ರೆಸಿನ್ ಇಳಿಯಲು ಆ ತೆಳುವು ಬೇಕು. ಪುಡಿಯನ್ನು ಮೂರು ನಾಲ್ಕು ಸಲಕ್ಕೆ ಹಂಚಿ ಹಾಕಿ, ನಿಧಾನ ವೇಗದಲ್ಲಿ ನೆನೆಸಿ. ಪೂರ್ತಿ ನೆನೆದ ಮೇಲೆಯೇ ವೇಗ ಏರಿಸಿ. ಪ್ಯಾಡಲ್ ಬದಲು ಹಲ್ಲಿನ ಅಂಚಿರುವ ಡಿಸ್ಕ್ ಹಾಕಿ, ಡಿಸ್ಕಿನ ವ್ಯಾಸ ಪಾತ್ರೆಯ ವ್ಯಾಸದ ಮೂರನೇ ಒಂದು ಭಾಗದಷ್ಟಿರಲಿ. ಡಿಸ್ಕ್ ಅಂಚು ಸದಾ ರೆಸಿನ್‌ನಲ್ಲಿ ಮುಳುಗಿರಬೇಕು, ಇಲ್ಲದಿದ್ದರೆ ಗಾಳಿಯನ್ನು ಒಳಗೆ ಎಳೆಯುತ್ತದೆ.

ಹತ್ತಿರದಲ್ಲಿ ಪೇಂಟ್ ಅಥವಾ ಇಂಕ್ ಮಾಡುವವರ ಮೂರು-ರೋಲ್ ಮಿಲ್ ಇದ್ದರೆ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ರೋಲುಗಳ ನಡುವಿನ ಸಂದನ್ನು 50, 20, 10 ಮೈಕ್ರಾನ್ ಎಂದು ಹಂತಹಂತವಾಗಿ ಇಳಿಸಿ. ಮಿಲ್ ಗಂಟನ್ನು ಹರಿದು ಬಿಡಿಸುತ್ತದೆ, ಫ್ಲೇಕನ್ನು ಅಷ್ಟಾಗಿ ಪುಡಿ ಮಾಡುವುದಿಲ್ಲ. ಬಾಲ್ ಮಿಲ್‌ನಲ್ಲಿ ಹೊತ್ತುಗಟ್ಟಲೆ ಅರೆದರೆ ಫ್ಲೇಕ್ ತುಂಡಾಗಿ ಅಗಲ-ದಪ್ಪದ ಅನುಪಾತ ಹೋಗುತ್ತದೆ, ಆಗ ಸಿಕ್ಕ ಮಾಡ್ಯುಲಸ್ಸೂ ಇಳಿಯುತ್ತದೆ.

ಗಂಟು ಹೋಯಿತೋ ಇಲ್ಲವೋ ಎಂದು ಕಣ್ಣಿನಲ್ಲಿ ನೋಡಿ ಹೇಳಲಾಗದು, ಎಲ್ಲವೂ ಕಪ್ಪು. ಅದಕ್ಕೆ ಪೇಂಟ್‌ನವರ ಹೆಗ್‌ಮನ್ ಗೇಜ್ ತನ್ನಿ. ಉಕ್ಕಿನ ಪಟ್ಟಿಯ ಮೇಲೆ 100 ಮೈಕ್ರಾನಿನಿಂದ ಸೊನ್ನೆಗೆ ಇಳಿಜಾರಾಗುವ ತೋಡು ಇರುತ್ತದೆ. ಆಳದ ಕಡೆ ಒಂದು ಹನಿ ಹಾಕಿ, ಸ್ಕ್ರೇಪರನ್ನು ನೇರ ಹಿಡಿದು ಒಂದೇ ಎಳೆತಕ್ಕೆ ಎಳೆಯಿರಿ. ಬೆಳಕಿಗೆ ಓರೆಯಾಗಿ ಹಿಡಿದರೆ ನಯವಾದ ಕಪ್ಪು ಪದರದಲ್ಲಿ ಯಾವ ಅಂಕಿಯ ಬಳಿ ಚುಕ್ಕೆ, ಗೀರು ದಟ್ಟವಾಗಿ ಶುರುವಾಗುತ್ತದೋ ಅಲ್ಲಿ ನಿಮ್ಮ ಗಂಟಿನ ಗಾತ್ರ. ಅದು 25ರ ಕೆಳಗೆ ಬರುವ ತನಕ ಹಾರ್ಡ್‌ನರ್ ಡಬ್ಬ ಮುಟ್ಟಬೇಡಿ.

ಗಾಳಿ ತೆಗೆಯುವುದು ಹಾರ್ಡ್‌ನರ್ ಹಾಕುವ ಮುಂಚೆ. ರೆಸಿನ್-ಗ್ರಾಫೈಟ್ 60 ಡಿಗ್ರಿಯಲ್ಲಿರುವಾಗಲೇ ವ್ಯಾಕ್ಯೂಮ್‌ನಲ್ಲಿ ಅರ್ಧದಿಂದ ಮುಕ್ಕಾಲು ಗಂಟೆ ಇಡಿ. ನೊರೆ ಉಕ್ಕುತ್ತದೆ, ಪಾತ್ರೆಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತುಂಬಬೇಡಿ. ಆಮೇಲೆ 30 ಡಿಗ್ರಿಗಿಂತ ಕೆಳಗೆ ಆರಿಸಿ. ಬಿಸಿಯಲ್ಲೇ ಎಚ್‌ವೈ 951 ಸುರಿದರೆ ಪಾತ್ರೆಯಲ್ಲೇ ಕುದಿದು ಗಟ್ಟಿಯಾಗುತ್ತದೆ. ಹಾರ್ಡ್‌ನರ್ ಹಾಕಿದ ಮೇಲೆ ಗೋಡೆ, ತಳ ಕೆರೆಯುತ್ತಾ ನಿಧಾನವಾಗಿ ಕಲಸಿ, ಬೇರೆ ಪಾತ್ರೆಗೆ ಸುರಿದು ಮತ್ತೊಮ್ಮೆ ಕಲಸಿ. 10% ಮಿಶ್ರಣ ದಪ್ಪವಾದ್ದರಿಂದ ಗೋಡೆಗೆ ಅಂಟಿದ ಭಾಗಕ್ಕೆ ಹಾರ್ಡ್‌ನರ್ ತಲುಪದೇ ಹೋಗಬಹುದು. ಅಚ್ಚಿಗೆ ಒಂದೇ ಮೂಲೆಯಿಂದ ತೆಳ್ಳಗಿನ ಧಾರೆಯಾಗಿ ಸುರಿಯಿರಿ.

ಮೇಲಿನ ಎಣ್ಣೆ ಪದರದ ಬಗ್ಗೆ: ಉಗುರುಬೆಚ್ಚಗಿನ ನೀರಿನಲ್ಲಿ ಒರಟು ಬಟ್ಟೆ ಅದ್ದಿ ಉಜ್ಜಿ ನೋಡಿ. ತೊಳೆದು ಹೋಗಿ ಕೆಳಗೆ ಗಟ್ಟಿ ಮೈ ಸಿಕ್ಕರೆ ಅದು ಅಮೀನ್ ಬ್ಲಶ್. ಹಾರ್ಡ್‌ನರ್‌ನ ಅಮೀನ್ ಗಾಳಿಯ ತೇವ ಮತ್ತು ಇಂಗಾಲದ ಡೈಆಕ್ಸೈಡ್ ಜೊತೆ ಸೇರಿ ಆಗುವ ಪದರ ಅದು, ಮಳೆಗಾಲದಲ್ಲಿ ಜಾಸ್ತಿ. ಅಚ್ಚಿನ ಮೇಲೆ ಪಾಲಿಯೆಸ್ಟರ್ ಹಾಳೆ ಮುಚ್ಚಿದರೆ ಬರುವುದಿಲ್ಲ. ಉಜ್ಜಿದರೂ ಅಂಟು ಉಳಿದು ಉಗುರು ಊರಿದರೆ ಅದು ಅನುಪಾತ ಅಥವಾ ಕಲಸುವಿಕೆಯ ದೋಷ. ಆ ತುಂಡು ಉಳಿಯುವುದಿಲ್ಲ.

ಅಚ್ಚಿನಮನೆ

ತುಂಬಾ ಉಪಕಾರವಾಯಿತು. ಪದರ ನೀರಿನಲ್ಲಿ ತೊಳೆದು ಹೋಯಿತು, ಕೆಳಗೆ ಗಟ್ಟಿ ಇದೆ. ಎರಡು ಸಂದೇಹ. ಮೂರು-ರೋಲ್ ಮಿಲ್ ನಮಗೆ ಸಿಗುವುದು ಕಷ್ಟ, ಅಸಿಟೋನ್ ದಾರಿ ಬೇಡವೇ ಬೇಡವೇ? ಎಕ್ಸ್‌ಪಾಂಡೆಡ್ ಗ್ರಾಫೈಟ್ ಅಥವಾ ನ್ಯಾನೊಪ್ಲೇಟ್‌ಲೆಟ್ ಹಾಕಿದರೆ ಸ್ಟ್ರೆಂತ್ ನಿಜವಾಗಿ ಏರುತ್ತದೆಯೇ?

ಕಪ್ಪುಪುಡಿ

ಅಸಿಟೋನ್ ಕೆಲಸ ಮಾಡುತ್ತದೆ. ಪುಡಿಯನ್ನು ಅದರಲ್ಲಿ ಹಾಕಿ ಪ್ರೋಬ್ ಸೋನಿಕೇಟರ್‌ನಲ್ಲಿ (ಅಲ್ಟ್ರಾಸೌಂಡ್ ಕಂಪನ ಕೊಡುವ ಸಾಧನ), ಐಸ್ ನೀರಿನ ಪಾತ್ರೆಯಲ್ಲಿಟ್ಟು, ಬಿಟ್ಟು ಬಿಟ್ಟು ಓಡಿಸಿದರೆ ಗಂಟು ಚೆನ್ನಾಗಿ ಬಿಡುತ್ತದೆ. ಆಮೇಲೆ ರೆಸಿನ್ ಸೇರಿಸಿ ಅಸಿಟೋನ್ ಹಾರಿಸಬೇಕು.

ರಾಳ_ನಾರು

ಇಲ್ಲಿ ನನ್ನ ಅಭಿಪ್ರಾಯ ಬೇರೆ. ಲ್ಯಾಬ್‌ನಲ್ಲಿ 50 ಗ್ರಾಂಗೆ ಅದು ಸರಿ, ಪ್ಯಾಡ್ ತಯಾರಿಸುವ ಶೆಡ್‌ಗೆ ಸಲ್ಲದು. ಅಸಿಟೋನ್ 56 ಡಿಗ್ರಿಯಲ್ಲಿ ಕುದಿಯುತ್ತದೆ, ಆದ್ದರಿಂದ ಬೇಗ ಹೋಗುತ್ತದೆ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಮೊದಲಿನ ಹೆಚ್ಚಿನ ಪಾಲು ಹೋಗುತ್ತದೆ, ಕೊನೆಯ ಸ್ವಲ್ಪ ದಪ್ಪ ರೆಸಿನ್‌ನಲ್ಲಿ ಸಿಕ್ಕಿಕೊಂಡು ಉಳಿಯುತ್ತದೆ. ಉಳಿದದ್ದು ಪ್ಲಾಸ್ಟಿಸೈಸರ್‌ನಂತೆ ವರ್ತಿಸಿ ಗ್ಲಾಸ್ ಟ್ರಾನ್ಸಿಷನ್ ತಾಪಮಾನ (ಗಟ್ಟಿ ಎಪಾಕ್ಸಿ ಮೆತ್ತಗಾಗುವ ಬಿಸಿ) ಇಳಿಸುತ್ತದೆ, ಓವನ್‌ನಲ್ಲಿ ಗುಳ್ಳೆಯಾಗಿ ಎದ್ದು ಬರುತ್ತದೆ. ಮಾಡಲೇಬೇಕೆಂದರೆ ಖಾಲಿ ಪಾತ್ರೆ, ರೆಸಿನ್, ಪುಡಿ ಮೂರರ ತೂಕ ಬರೆದಿಟ್ಟುಕೊಂಡು, 80 ಡಿಗ್ರಿ ವ್ಯಾಕ್ಯೂಮ್‌ನಲ್ಲಿಟ್ಟು, ಒಟ್ಟು ತೂಕ ಅದೇ ಅಂಕಿಗೆ 0.1 ಗ್ರಾಂ ಒಳಗೆ ಬರುವವರೆಗೆ ಬಿಡಬೇಡಿ. ಅಸಿಟೋನ್ ಆವಿಗೆ ಕಿಡಿ ತಾಗಿದರೆ ಸೊನ್ನೆಗಿಂತ 20 ಡಿಗ್ರಿ ಕೆಳಗೂ ಹೊತ್ತಿಕೊಳ್ಳುತ್ತದೆ. ಮುಚ್ಚಿದ ಮಾಮೂಲಿ ಓವನ್‌ನಲ್ಲಿ ಯಾವ ಕಾರಣಕ್ಕೂ ಇಡಬೇಡಿ.

ಕಪ್ಪುಪುಡಿ

ತೂಕದ ಮಾತು ಒಪ್ಪಿದೆ, ಪ್ಯಾಡ್‌ನಷ್ಟು ಪ್ರಮಾಣಕ್ಕೆ ಬಿಸಿ ರೆಸಿನ್ ಮತ್ತು ಹಲ್ಲಿನ ಡಿಸ್ಕ್ ದಾರಿಯೇ ಸುರಕ್ಷಿತ.

ಎಕ್ಸ್‌ಪಾಂಡೆಡ್ ಗ್ರಾಫೈಟ್ ಕೊಳ್ಳುವಾಗ ಹುಷಾರು. ಅಂಗಡಿಯಲ್ಲಿ ಎಕ್ಸ್‌ಪಾಂಡಬಲ್ ಎಂದು ಸಿಗುವುದು ಗಂಧಕಾಮ್ಲ ಪದರಗಳ ನಡುವೆ ಹೊಕ್ಕಿರುವ, ಇನ್ನೂ ಉಬ್ಬದ ಫ್ಲೇಕ್. ಬೆಂಕಿ ತಡೆಯಲು ಬಳಸುವುದು ಅದನ್ನು. 900ರಿಂದ 1000 ಡಿಗ್ರಿಯ ಕುಲುಮೆಯಲ್ಲಿ ಕೆಲವೇ ಸೆಕೆಂಡ್ ಇಟ್ಟಾಗ ನೂರಾರು ಪಟ್ಟು ಉಬ್ಬಿ ಹುಳುವಿನ ಆಕಾರಕ್ಕೆ ಬರುವುದು ಎಕ್ಸ್‌ಪಾಂಡೆಡ್. ಎರಡರಲ್ಲೂ ಆಮ್ಲದ ಶೇಷ ಇರಬಹುದು. ಆಮ್ಲ ನಿಮ್ಮ ಅಮೀನ್ ಹಾರ್ಡ್‌ನರನ್ನು ತಿಂದುಹಾಕುತ್ತದೆ, ತುಂಡು ಅರೆಬೆಂದಂತೆ ಮೆತ್ತಗೆ ಉಳಿಯುತ್ತದೆ. ಒಂದು ಚಮಚ ಪುಡಿಯನ್ನು ಡಿಸ್ಟಿಲ್ಡ್ ನೀರಿನಲ್ಲಿ ಕದಡಿ ಪಿಎಚ್ ಕಾಗದ ಹಿಡಿಯಿರಿ. 6ಕ್ಕಿಂತ ಕೆಳಗಿದ್ದರೆ ತೊಳೆದು ತೊಳೆದು 7ರ ಹತ್ತಿರ ತಂದು ಒಣಗಿಸಿ.

ನ್ಯಾನೊಪ್ಲೇಟ್‌ಲೆಟ್‌ನಿಂದ ಸ್ಟ್ರೆಂತ್ ಏರಬಹುದು, ಆದರೆ 0.1ರಿಂದ 0.5% ಒಳಗೆ. ದಪ್ಪ ಕೆಲವೇ ನ್ಯಾನೊಮೀಟರ್, ಅಗಲ 5 ಮೈಕ್ರಾನ್ ಇರುವ ಹಾಳೆ ಬಿಡಿಬಿಡಿಯಾಗಿ ಹರಡಿದ್ದರೆ ಅದು ಬಿರುಕಿನ ದಾರಿ ತಿರುಗಿಸುತ್ತದೆ, ಅದರ ಗಾತ್ರವೂ 25 ಮೈಕ್ರಾನಿಗಿಂತ ಎಷ್ಟೋ ಕೆಳಗೆ. 1% ದಾಟಿದರೆ ಸಾಮಾನ್ಯವಾಗಿ ಮತ್ತೆ ಗಂಟು. 0.3% ಗ್ರಾಫೈಟಿನಿಂದ ಚೈನ್ ಜಾರುವುದಿಲ್ಲ. ಜಾರಿಕೆಗೆ 10ರಿಂದ 15% ಬೇಕು, ಅಷ್ಟು ಹಾಕಿದ ಮಿಶ್ರಣ ಬರೀ ರೆಸಿನ್‌ಗಿಂತ ಬಲವಾಗಿರಲಿ ಎಂದು ಕೇಳುವುದು ನ್ಯಾಯವಲ್ಲ. ಎರಡನ್ನೂ ಒಂದೇ ಮಿಶ್ರಣದಿಂದ ಪಡೆಯಲು ಹೊರಟದ್ದೇ ಇಲ್ಲಿನ ಮೂಲ ತೊಡಕು.

ಪರೀಕ್ಷೆ_ಕೋಣೆ

ಮಿಶ್ರಣ ಬದಲಿಸುವ ಮುಂಚೆ ಅಳತೆಯ ಕಡೆಗೂ ಗಮನ ಕೊಡಿ, ಇಲ್ಲದಿದ್ದರೆ ಯಾವುದು ಸುಧಾರಿಸಿತು ಎಂದೇ ಗೊತ್ತಾಗದು.

ಸಾಂದ್ರತೆಯಿಂದ ಶುರು ಮಾಡಿ. ಬರೀ ರೆಸಿನ್ ತುಂಡನ್ನು ಗಾಳಿಯಲ್ಲಿ, ನೀರಿನಲ್ಲಿ ತೂಗಿ ನಿಮ್ಮದೇ ಅಂಕಿ ಪಡೆಯಿರಿ. ಅದು 1.16 ಬಂದರೆ 3% ಮಿಶ್ರಣ ಗಾಳಿಯಿಲ್ಲದೆ 1.177 ಬರಬೇಕು. 1.15 ಬಂದರೆ 2.3% ಗಾಳಿಗುಳ್ಳೆ ಒಳಗಿದೆ. ಕಪ್ಪು ತುಂಡಿನಲ್ಲಿ ಒಳಗಿನ ಗುಳ್ಳೆ ತಿಳಿಯಲು ಇದಕ್ಕಿಂತ ಅಗ್ಗದ ದಾರಿ ಇಲ್ಲ.

ಪುಡಿ ಕೆಳಗೆ ಕೂತಿದೆಯೇ ಎಂದು ತಿಳಿಯಲು ಬೆಂಡ್ ಪರೀಕ್ಷೆ ಎರಡು ಬಗೆಯಲ್ಲಿ ಮಾಡಿ: ಕೆಲವು ತುಂಡಿಗೆ ಅಚ್ಚಿನ ತಳದ ಮೈ ಕೆಳಗೆ, ಕೆಲವಕ್ಕೆ ಮೇಲೆ. 3.2 ಮಿ.ಮೀ. ದಪ್ಪಕ್ಕೆ ಸ್ಪ್ಯಾನ್ (ಎರಡು ಆಧಾರಗಳ ನಡುವಿನ ದೂರ) 51 ಮಿ.ಮೀ. ಎರಡು ಗುಂಪಿನ ಸ್ಟ್ರೆಂತ್ ಬೇರೆ ಬೇರೆ ಬಂದರೆ ಪುಡಿ ಸಮವಾಗಿಲ್ಲ. ತಿರುಗಿಸದೆ ಒಂದೇ ಬಗೆಯಲ್ಲಿ ಇಟ್ಟು ಸರಾಸರಿ ತೆಗೆದರೆ ಈ ದೋಷ ಕಣ್ಣಿಗೇ ಬೀಳುವುದಿಲ್ಲ.

ಟೆನ್ಸೈಲ್‌ಗೆ ಎಎಸ್‌ಟಿಎಂ ಡಿ638 ಎಂಬ ಪರೀಕ್ಷಾ ಮಾನದಂಡ, ಮೊದಲ ಮಾದರಿ ಡಂಬೆಲ್: ನಡುವಿನ ಅಗಲ 13, ಗೇಜ್ ಉದ್ದ 50 ಮಿ.ಮೀ., ಕನಿಷ್ಠ 5 ತುಂಡು. ಹ್ಯಾಕ್ಸಾದಲ್ಲಿ ಕತ್ತರಿಸಿದ ಅಂಚು ತಾನೇ ನೂರು ಮೈಕ್ರಾನಿನ ಬಿರುಕು. ಮಿಲ್ಲಿಂಗ್ ಮಾಡಿ, 400 ಆಮೇಲೆ 800 ನಂಬರ್ ಕಾಗದದಲ್ಲಿ ಉದ್ದಕ್ಕೆ ಉಜ್ಜಿ, ಅಡ್ಡಕ್ಕೆ ಬೇಡ. ಮಾಡ್ಯುಲಸ್‌ಗೆ ತುಂಡಿನ ಹಿಗ್ಗನ್ನೇ ಅಳೆಯುವ ಎಕ್ಸ್‌ಟೆನ್ಸೊಮೀಟರ್ ಇಲ್ಲದೆ ಯಂತ್ರದ ಕ್ರಾಸ್‌ಹೆಡ್ ಚಲನೆ ನಂಬಬೇಡಿ. ಪ್ಲಾಸ್ಟಿಕ್ ಪರೀಕ್ಷಿಸುವ ಮೈಸೂರಿನ ಸಿಪೆಟ್ ಸಂಸ್ಥೆಯಂಥ ಕಡೆ ಕೊಡುವಾಗ ಇದನ್ನು ಬರೆದೇ ಕೇಳಿ.

ಮುರಿದ ಮೈಯನ್ನು ಎಸೆಯಬೇಡಿ. ಹತ್ತು ಪಟ್ಟಿನ ಭೂತಗನ್ನಡಿ ಹಿಡಿದರೆ ಮುರಿತ ಶುರುವಾದ ಜಾಗದ ಸುತ್ತ ನಯವಾದ ಅರ್ಧಚಂದ್ರ, ಅಲ್ಲಿಂದ ಹೊರಗೆ ಹರಡುವ ಗೀರು ಕಾಣುತ್ತವೆ. ಅರ್ಧಚಂದ್ರದ ನಡುವೆ ಹೊಳೆಯುವ ಚುಕ್ಕೆ ಇದ್ದರೆ ದೊಡ್ಡ ಫ್ಲೇಕ್, ಮಸಿಯಂತೆ ಬೆರಳಿಗೆ ಅಂಟಿದರೆ ನೆನೆಯದ ಗಂಟು, ದುಂಡನೆ ನುಣುಪು ಗುಳಿಯಿದ್ದರೆ ಗಾಳಿ. ಐದೂ ತುಂಡಿನಲ್ಲಿ ಯಾವುದು ಹೆಚ್ಚಿದೆಯೋ ಅದನ್ನು ಮೊದಲು ಸರಿಮಾಡಿ.

ಓವನ್‌ನಲ್ಲಿ 80 ಡಿಗ್ರಿ, 3 ಗಂಟೆ ಪೋಸ್ಟ್ ಕ್ಯೂರ್ (ಗಟ್ಟಿಯಾದ ಮೇಲೆ ಮತ್ತೆ ಬಿಸಿಯಲ್ಲಿಡುವುದು) ಕೊಡಿ, ಬರೀ ರೆಸಿನ್ ತುಂಡಿಗೂ ಅಷ್ಟೇ ಕೊಡಿ. ಜಾರುವ ಮೈ ತಿಕ್ಕಾಟಕ್ಕೆ ಬಿಸಿಯಾಗುತ್ತದೆ, ಪೋಸ್ಟ್ ಕ್ಯೂರ್ ಇಲ್ಲದ ಎಪಾಕ್ಸಿ ಆ ಬಿಸಿಗೇ ಮೆತ್ತಗಾಗುತ್ತದೆ.

ರಾಳ_ನಾರು

ಕಪ್ಪುಪುಡಿಯವರು ಹೇಳಿದ ತೊಡಕಿಗೆ ಪರಿಹಾರ: 8 ಮಿ.ಮೀ. ಪೂರ್ತಿ ಗ್ರಾಫೈಟ್ ಬೇಡ. ಬಲವನ್ನು ಗಾಜಿನ ಬಟ್ಟೆಗೆ ಬಿಡಿ, ಜಾರಿಕೆಯನ್ನು ಗ್ರಾಫೈಟಿಗೆ ಬಿಡಿ.

ಅಚ್ಚಿನ ತಳವೇ ಜಾರುವ ಮೈ ಆಗಲಿ. ಅಲ್ಲಿ 15% ಗ್ರಾಫೈಟ್ ಮಿಶ್ರಣವನ್ನು 1.5ರಿಂದ 2 ಮಿ.ಮೀ. ಎಳೆಯಿರಿ, ಗಾತ್ರದಲ್ಲಿ ಅದು 8.3% ಮಾತ್ರ, ಆದ್ದರಿಂದ ಇನ್ನೂ ಹರಿಯುತ್ತದೆ. ಪುಡಿ ಸ್ವಲ್ಪ ಕೆಳಗೆ ಇಳಿದರೂ ಇಲ್ಲಿ ಲಾಭವೇ. ಬೆರಳು ಮುಟ್ಟಿದರೆ ಗುರುತು ಬೀಳಬೇಕು, ಕೈಗೆ ಅಂಟಿ ಬರಬಾರದು, ಆ ಹದಕ್ಕೆ ಬಂದಾಗ ಬರೀ ರೆಸಿನ್ ಸವರಿ 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ) ಗಾಜಿನ ಬಟ್ಟೆಯನ್ನು ಒಂದೊಂದೇ ಪದರ ಕೂರಿಸಿ ರೋಲರ್ ಹೊಡೆಯಿರಿ. ಹದ ಮೀರಿ ಪೂರ್ತಿ ಗಟ್ಟಿಯಾದ ಮೇಲೆ ಬಟ್ಟೆ ಹಾಕಿದರೆ ಎರಡೂ ಒಂದರಿಂದೊಂದು ಬಿಚ್ಚಿಕೊಳ್ಳುತ್ತವೆ. ಹಾಗಾದರೆ ತೊಳೆದು, 80 ನಂಬರ್ ಕಾಗದದಲ್ಲಿ ಉಜ್ಜಿಯೇ ಮುಂದುವರಿಯಬೇಕು.

ಗ್ರಾಫೈಟ್ ಬೆರೆಸಿದ ರೆಸಿನನ್ನು ಬಟ್ಟೆಯೊಳಗೆ ಇಳಿಸಲು ಹೋಗಬೇಡಿ, ವ್ಯಾಕ್ಯೂಮ್‌ನಿಂದ ಬಟ್ಟೆಯೊಳಗೆ ರೆಸಿನ್ ಎಳೆಯುವ ಇನ್ಫ್ಯೂಷನ್‌ನಲ್ಲಂತೂ ಬೇಡವೇ ಬೇಡ. ನೂಲಿನ ಎಳೆಗಳ ನಡುವೆ ಕೆಲವೇ ಮೈಕ್ರಾನ್ ಜಾಗ. ಬಟ್ಟೆ ಸೋಸುವ ಜಾಲರಿಯಾಗಿ ಪುಡಿಯೆಲ್ಲ ಮೇಲುಗಡೆ ನಿಲ್ಲುತ್ತದೆ, ಕೆಳಗೆ ಹೋಗುವುದು ಬರೀ ರೆಸಿನ್.

ಒಂದೇ ಕಡೆ ಗ್ರಾಫೈಟ್ ಇರುವುದರಿಂದ ಪ್ಯಾಡ್ ಬಾಗಬಹುದು. ಅಚ್ಚಿನಲ್ಲೇ ಇಟ್ಟು ಗಂಟೆಗೆ 20 ಡಿಗ್ರಿಗಿಂತ ನಿಧಾನವಾಗಿ ಬಿಸಿ ಏರಿಸಿ, ಅಷ್ಟೇ ನಿಧಾನವಾಗಿ ಇಳಿಸಿ.

ಕಪ್ಪುಪುಡಿ

ಬೋಲ್ಟ್ ಬಗ್ಗೆ ಒಂದು ಮಾತು. ಗ್ರಾಫೈಟ್ ವಿದ್ಯುತ್ ಹರಿಸುತ್ತದೆ, ಅಲ್ಯೂಮಿನಿಯಂಗೆ ನೇರ ತಾಗಿ ಮೇಲೆ ತೇವ ಬಿದ್ದರೆ ಸವೆಯುವುದು ಅಲ್ಯೂಮಿನಿಯಂ. ಗಾಜಿನ ಬಟ್ಟೆಯ ಕಡೆ ಚಾನೆಲ್‌ಗೆ ಕೂತರೆ ಆ ತೊಂದರೆ ತಪ್ಪುತ್ತದೆ. ತೂತಿನ ಒಳಗೋಡೆಯಲ್ಲಿ ಗ್ರಾಫೈಟ್ ಪದರ ತೆರೆದಿರುತ್ತದೆ, ಅಲ್ಲಿ ಬರೀ ರೆಸಿನ್ ಸವರಿ ಅಥವಾ ನೈಲಾನ್ ಬುಶ್ ಹಾಕಿ. ತೂತಿನ ಕೇಂದ್ರ ಅಂಚಿನಿಂದ ಬೋಲ್ಟ್ ವ್ಯಾಸದ ಮೂರು ಪಟ್ಟು ದೂರವಿರಲಿ, ಕಾರ್ಬೈಡ್ ಬಿಟ್ ಬಳಸಿ, ಹಿಂದೆ ಮರದ ತುಂಡು ಒತ್ತಿ ಹಿಡಿದು ಕೊರೆಯಿರಿ. ಕೊರೆಯುವಾಗ ಬರುವ ಪುಡಿಯನ್ನು ಅಲ್ಲೇ ವ್ಯಾಕ್ಯೂಮ್ ಕ್ಲೀನರ್‌ನಲ್ಲಿ ಎಳೆದುಕೊಳ್ಳಿ, ಎನ್95 ಮಾಸ್ಕ್ ಹಾಕಿಕೊಳ್ಳಿ. ಆ ಕಪ್ಪು ಪುಡಿ ಹತ್ತಿರದ ಸ್ವಿಚ್ ಬೋರ್ಡ್, ಡ್ರೈವ್ ಪ್ಯಾನೆಲ್ ಒಳಗೆ ಹೊಕ್ಕರೆ ಶಾರ್ಟ್ ಆಗುತ್ತದೆ, ಆದ್ದರಿಂದ ಗಾಳಿ ಊದಿ ಶುಚಿ ಮಾಡುವ ಅಭ್ಯಾಸ ಇದ್ದರೆ ಈ ಕೆಲಸದ ಮಟ್ಟಿಗೆ ನಿಲ್ಲಿಸಿ.